ಬೇಗ ಬಂದ ಬ್ರಾಹ್ಮಣ

ಶಂಕುಣ್ಣಿ ನಂಬ್ಯಾರರು ಏಳು ವರ್ಷ ನನ್ನ ಬೆನ್ನು ನೋಡಿಕೊಂಡೇ ಮಿಳಾವು ಬಾರಿಸಿದವರು. ಕೇರಳದ ದೇವಸ್ಥಾನಗಳಲ್ಲಿ ನಾವು ಆಡುವ ಕೂತ್ತಿನ ಪದ್ಧತಿಯೇ ಹಾಗೆ. ನಾನು ದೀಪಕ್ಕೂ ಜನಕ್ಕೂ ಮುಖ ಕೊಟ್ಟು ಒಬ್ಬಳೇ ಅಭಿನಯಿಸುತ್ತೇನೆ. ಅಮ್ಮ ಪಕ್ಕದಲ್ಲಿ ಬಟ್ಟೆ ಹಾಸಿಕೊಂಡು ಕೂತು ತಾಳ ಹಾಕುತ್ತಾಳೆ. ದೊಡ್ಡ ತಾಮ್ರದ ಕೊಡದಂಥ ಮಿಳಾವು ಮತ್ತು ಅದನ್ನು ಬಾರಿಸುವವರು ನನ್ನ ಹಿಂದೆ. ನಾನು ಮುಂದೇನು ಮಾಡುತ್ತೇನೆ ಎನ್ನುವುದನ್ನು ಅವರು ನನ್ನ ಕತ್ತು, ಭುಜ, ಮೊಣಕೈ ನೋಡಿಯೇ ತಿಳಿಯಬೇಕು. ಒಂದು ದಿನವೂ ತಪ್ಪಿದವರಲ್ಲ.

ಮಾತಿನಲ್ಲಿ ಮಾತ್ರ ಮಹಾ ಜಿಪುಣ. ನನಗೆ ಅವರು ಇಷ್ಟ ಅನ್ನುವುದು ದೇವಸ್ಥಾನದ ಹೂ ಕಟ್ಟುವವರಿಗೂ ಗೊತ್ತಿತ್ತು. ಇವರಿಗೆ ಗೊತ್ತಿತ್ತೋ ಇಲ್ಲವೋ, ಬಾಯಿ ಬಿಟ್ಟರೆ ತಾನೆ.

"ಮಿಳಾವಿಗೆ ಉಪನಯನ ಮಾಡಿ ಬ್ರಹ್ಮಚಾರಿ ಅಂತ ಇಟ್ಕೊಂಡಿದ್ದೀವಿ, ಸರಿ," ಎಂದೆ ಒಮ್ಮೆ ಅಭ್ಯಾಸದ ಹೊತ್ತಿನಲ್ಲಿ. "ಬಾರಿಸೋರಿಗೂ ಅದೇ ವ್ರತಾನಾ?"

ಅವರು ಮಿಳಾವಿನ ಬಾಯಿಗೆ ಚರ್ಮ ಬಿಗಿಯುತ್ತಿದ್ದರು. ಕಿವಿ ಕೆಂಪಾಯಿತು. ಒಂದೇ ಒಂದು ಸಲ ಕಣ್ಣೆತ್ತಿ ನನ್ನನ್ನು ನೋಡಿ, ಮತ್ತೆ ಹಗ್ಗ ಎಳೆದರು.

"ತೇವ ಆಗಿದೆ," ಎಂದರು.

"ಏನು?"

"ಚರ್ಮ."

ಇಂಥವರನ್ನು ಕಟ್ಟಿಕೊಂಡು ಏನು ಮಾಡುವುದು ಹೇಳಿ.

ಹೀಗಿರುವಾಗ ಪಾಲಕ್ಕಾಡಿನಿಂದ ನನಗೊಂದು ಸಂಬಂಧ ಬಂತು. ಹುಡುಗ ಬ್ಯಾಂಕಿನಲ್ಲಿದ್ದ, ಸಭ್ಯಸ್ಥ. ಮದುವೆ ಗೊತ್ತಾದ ಮೇಲೆ ಕೂತ್ತು ಬೇಡ ಅನ್ನುವುದೊಂದೇ ಅವರ ಮನೆಯವರ ಷರತ್ತು. ನನಗೆ ಮೂವತ್ತೊಂದು ನಡೆಯುತ್ತಿತ್ತು. ಸೋಮವಾರ ಮಾತು ಕೊಡುತ್ತೇನೆಂದು ಅಮ್ಮ ಹೇಳಿ ಕಳಿಸಿದ್ದಳು. ಬೇಡ ಅನ್ನಲು ನನ್ನ ಹತ್ತಿರ ಇದ್ದ ಕಾರಣ ಒಂದೇ. ಆ ಕಾರಣ ಮಿಳಾವಿನ ಹಿಂದೆ ತೆಪ್ಪಗೆ ಕೂತಿತ್ತು.

ಶನಿವಾರ ನಾನೇ ಹೋಗಿ ಹೇಳಿದೆ. "ಶಂಕುಣ್ಣಿಯೇಟ್ಟಾ, ಸೋಮವಾರ ಅಮ್ಮ ಅವರಿಗೆ ಹೂಂ ಅಂತಾಳಂತೆ. ಅಂದರೆ ನಾಳೇದೇ ನನ್ನ ಕೊನೇ ಕೂತ್ತು."

ನಮ್ಮಲ್ಲಿ ಏಟ್ಟ ಎಂದರೆ ಅಣ್ಣ. ಹೆಂಡತಿ ಗಂಡನನ್ನು ಕರೆಯುವುದೂ ಏಟ್ಟ ಎಂದೇ. ನಾನು ಕರೆದದ್ದು ಯಾವ ಏಟ್ಟನನ್ನು ಎಂದು ತಿಳಿಯಲು ಕಿವಿ ಇದ್ದರೆ ಸಾಕಿತ್ತು.

ಅವರು ತಮ್ಮ ಅಂಗೈ ನೋಡಿಕೊಂಡರು. "ಹುಡುಗ ಒಳ್ಳೆಯವನಾ?"

"ಒಳ್ಳೆಯವನೇ."

"ಸರಿ ಹಾಗಾದ್ರೆ."

ಸರಿಯಂತೆ. ನನ್ನ ಮೈಯೆಲ್ಲ ಉರಿದುಹೋಯಿತು.

ಭಾನುವಾರ ಸಂಜೆ ರುಕ್ಮಿಣಿಯ ಕಥೆ. ಬೆಳಗಾದರೆ ಶಿಶುಪಾಲನ ಜೊತೆ ಮದುವೆ. ಕೃಷ್ಣನಿಗೆ ಓಲೆ ಕೊಟ್ಟು ಕಳಿಸಿದ ಬ್ರಾಹ್ಮಣ ಇನ್ನೂ ಬಂದಿಲ್ಲ. ರುಕ್ಮಿಣಿ ಕಾಯುತ್ತಾಳೆ. ನಿಧಾನದ ತಾಳದಲ್ಲಿ ಇಪ್ಪತ್ತೈದು ನಿಮಿಷ ಬರೀ ಕಾಯುವುದೇ. ಕೊನೆಗೆ ಅವಳ ಎಡಭುಜ ಅದುರುತ್ತದೆ. ಹೆಂಗಸರಿಗೆ ಅದು ಶುಭಶಕುನ. ಭುಜ ಅದುರಿದ್ದು ಕಂಡ ಕೂಡಲೇ ಮಿಳಾವು ಬಿರುಸಿನ ನಡೆಗೆ ತಿರುಗುತ್ತದೆ, ಬ್ರಾಹ್ಮಣ ಸುದ್ದಿ ತಂದೇಬಿಡುತ್ತಾನೆ. ಆ ಬ್ರಾಹ್ಮಣನೂ ನಾನೇ.

ಕಾಯಲು ಶುರುಮಾಡಿ ಐದು ನಿಮಿಷ ಆಗಿತ್ತೇನೋ. 'ನಾಳೆ ನನ್ನನ್ನು ಬೇರೆಯವನಿಗೆ ಕೊಡುತ್ತಾರೆ' ಎಂದು ಕೈಯಲ್ಲಿ ತೋರಿಸುತ್ತಿದ್ದೆ. ನಿಜವಾದ ಅಳು ಬಂದುಬಿಟ್ಟಿತು. ಬಣ್ಣ ಬಳಿದ ಮುಖವನ್ನು ಹೇಗೋ ಬಿಗಿಹಿಡಿದೆ; ಭುಜಗಳನ್ನು ಹಿಡಿಯಲಾಗಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಮಿಳಾವು ಬಿರುಸಾಯಿತು. ಆ ನಡೆ ಬಂದ ಮೇಲೆ ರುಕ್ಮಿಣಿ ಅಳುತ್ತ ನಿಲ್ಲುವ ಹಾಗಿಲ್ಲ. ಕಣ್ಣೀರು ನುಂಗಿಕೊಂಡು ಸೊಂಟ ಬಗ್ಗಿಸಿ ಬ್ರಾಹ್ಮಣನಾದೆ. ಮುಂದಿನ ಸಾಲಿನ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮುಗಿದ ಮೇಲೆ ಕಿರೀಟವನ್ನೂ ಬಿಚ್ಚದೆ ಅವರ ಮುಂದೆ ಹೋಗಿ ನಿಂತೆ.

"ಏನ್ ಮಾಡಿದ್ರಿ ನೀವು?"

"ಭುಜ ಅದುರಿತು."

"ಅದು ಶಕುನ ಅಲ್ಲ. ನಾನು ಅಳ್ತಿದ್ದೆ."

"ಗೊತ್ತು."

"ಗೊತ್ತಾ?"

"ಶಕುನಕ್ಕೆ ಎಡಗಡೆದೊಂದೇ ಅದುರೋದು. ಇವತ್ತು ಎರಡೂ ಅದುರಿದ್ವು."

"ಮತ್ಯಾಕೆ ಬಾರಿಸಿದ್ರಿ?"

"ಇನ್ನೇನ್ ಮಾಡ್ಲಿ?" ಅವರ ಧ್ವನಿ ಒಡೆಯಿತು. "ಇನ್ನೂ ಇಪ್ಪತ್ತು ನಿಮಿಷ ನೀನು ಅಳೋದು, ನಾನು ಅದಕ್ಕೆ ಬಾರಿಸ್ತಾ ಕೂರೋದು. ನನ್ನ ಕೈಲಾಗ್ಲಿಲ್ಲ ವತ್ಸಲಾ. ಬ್ರಾಹ್ಮಣನ್ನ ಕರೆದುಬಿಟ್ಟೆ." ಉಸಿರೆಳೆದುಕೊಂಡು ಮತ್ತೆ ಹೇಳಿದರು. "ನಿನ್ನೆ ಸರಿ ಅಂದೆ. ಸರಿ ಅಲ್ಲ ಅದು. ನೀನು ನನಗೆ ಬೇಕು. ಮೊದಲನೇ ವರ್ಷದಿಂದಲೂ ಬೇಕು."

ಏಳು ವರ್ಷದಲ್ಲಿ ಅವರು ಆಡಿದ್ದೆಲ್ಲ ಸೇರಿಸಿದರೂ ಇಷ್ಟು ಮಾತಾಗಿರಲಿಲ್ಲ. ಜಗಳಕ್ಕೆಂದು ಬಂದವಳಿಗೆ ಜಗಳ ಮರೆತೇಹೋಯಿತು.

"ಶಂಕುಣ್ಣೀ." ಬಾಗಿಲಲ್ಲಿ ಅಮ್ಮ. ಕೈಯಲ್ಲಿ ತಾಳ ಇನ್ನೂ ಇತ್ತು. "ಇಪ್ಪತ್ತು ನಿಮಿಷದ ಆಟ ನುಂಗಿ ನೀರು ಕುಡಿದೆಯಲ್ಲೋ."

"ತಪ್ಪಾಯ್ತು," ಎಂದು ಶಂಕುಣ್ಣಿ ಎದ್ದು ನಿಂತರು.

"ತಪ್ಪೇ. ನಾನು ಹಳೇ ತಾಳದಲ್ಲೇ ಗಟ್ಟಿಯಾಗಿ ಕೂತಿದ್ದರೆ ನೀನು ತೆಪ್ಪಗೆ ವಾಪಸ್ ಬರಬೇಕಾಗ್ತಿತ್ತು. ಗೊತ್ತು ತಾನೆ?"

"ಗೊತ್ತು."

ನನಗೆ ಆಗಲೇ ಹೊಳೆದದ್ದು. ಮಿಳಾವು ಎಷ್ಟೇ ದೊಡ್ಡದಿರಲಿ, ಅಮ್ಮನ ತಾಳ ಮೀರಿ ಹೋಗುವ ಹಾಗಿಲ್ಲ. ಇವರು ಬಿರುಸಾದಾಗ ಅವಳ ತಾಳ ಅರ್ಧ ಪೆಟ್ಟೂ ತಡವರಿಸಿರಲಿಲ್ಲ. ಇವರ ಜೊತೆಗೇ ಓಡಿತ್ತು.

"ಮತ್ತೆ ನೀನ್ಯಾಕೆ ಹಳೇ ತಾಳ ಬಿಟ್ಟೆ ಅಮ್ಮಾ?"

"ನಾನು ಕೂರೋದು ನಿನ್ನ ಪಕ್ಕದಲ್ಲಿ ಕಣೇ. ನೀನು ಅಳೋದು ನನಗೆ ಕಾಣಲ್ವಾ?" ತಾಳವನ್ನು ಬಟ್ಟೆಯಲ್ಲಿ ಸುತ್ತುತ್ತ ಅವಳು ಶಂಕುಣ್ಣಿಯ ಕಡೆ ತಿರುಗಿದಳು. "ಪಾಲಕ್ಕಾಡಿನವರಿಗೆ ಆಗಲ್ಲ ಅಂತ ನಾನು ಹೇಳ್ಕೋತೀನಿ. ನೀನು ಇನ್ನೊಂದು ಆವರ್ತ ಸುಮ್ಮನೆ ಕೂತಿದ್ದರೆ, ತಾಳ ನಾನೇ ಬದಲಾಯಿಸ್ತಿದ್ದೆ."