ಸಾಯದವರ ಸಾವಿನ ಸುದ್ದಿ

ಆ ಬೆಳಿಗ್ಗೆ ನಾನೂ ಅತ್ತಿಗೆಯೂ ಹಿತ್ತಲಿನಲ್ಲಿ ನಿಂತು ಒದ್ದೆ ಹೊದಿಕೆಯ ಒಂದೊಂದು ತುದಿ ಹಿಡಿದು ಹಿಂಡುತ್ತಿದ್ದೆವು. ಅಷ್ಟರಲ್ಲಿ ಅಡುಗೆಮನೆಯ ಕಿಟಕಿಕಟ್ಟೆಯ ಮೇಲಿದ್ದ ಫೋನು ಬಡಿದುಕೊಂಡಿತು. ನಾನು ಹೊದಿಕೆ ಬಿಡುವ ಮೊದಲೇ ಮಗಳು ಅದನ್ನು ಎತ್ತಿಕೊಂಡಳು.

"ಹೌದು, ಸಂಪಾದಕಿನೇ ಮಾತಾಡ್ತಿರೋದು," ಎಂದಳು. ಆಮೇಲೆ ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡಳು. "ಆಯ್ತು ಸರ್. ಈಗ್ಲೇ ತೆಗೀತೀವಿ ಸರ್."

ಕಿಟಕಿಯ ಸರಳುಗಳ ಆಚೆ ಅವಳ ಮುಖ ಬಿಳಿಚಿಕೊಂಡಿತ್ತು. ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದಳು. ಪರೀಕ್ಷೆಯ ದಿನವೂ ಹತ್ತು ಸಲ ಕೂಗಿಸಿಕೊಂಡು ಏಳುವ ಹುಡುಗಿ.

"ಯಾರೇ ಅದು?" ಎಂದೆ.

"ಆ ಹಿರಿಯ ನಾಯಕರ ಕಚೇರಿಯವರು ಯಾರೋ. ನಾವು ಅವರನ್ನ ಸಾಯಿಸಿಬಿಟ್ಟಿದ್ದೀವಂತೆ ಅಮ್ಮ," ಎಂದು ಹೇಳಿ ಮೆಟ್ಟಿಲು ಹತ್ತಿ ಓಡಿದಳು.

ನಮ್ಮ ಮಹಡಿಯ ಕೋಣೆಯಿಂದ ಒಂದು ಪತ್ರಿಕೆ ಹೊರಡುತ್ತಿತ್ತು. ಕಾಗದದ್ದಲ್ಲ, ಫೋನಿನಲ್ಲಿ ಕಂಪ್ಯೂಟರಿನಲ್ಲಿ ಓದುವಂಥದ್ದು. ದೇಶದ ರಾಜಕಾರಣ ಬಿಟ್ಟು ಬೇರೇನೂ ಅದರಲ್ಲಿ ಇರುತ್ತಿರಲಿಲ್ಲ. ಮಂತ್ರಿಗಳೂ ಓದುತ್ತಿದ್ದರು. ಅದನ್ನು ನಡೆಸುವವರು ಕಾಲೇಜಿನ ಮೂರು ಮಕ್ಕಳು ಎಂಬುದು ಓದುಗರಿಗೆ ಗೊತ್ತಿರಲಿಲ್ಲ, ಏಕೆಂದರೆ ಯಾರ ಹೆಸರನ್ನೂ ಹಾಕುವುದಿಲ್ಲ ಎಂದು ಅವರು ಮೊದಲ ದಿನವೇ ತೀರ್ಮಾನಿಸಿದ್ದರು. "ಮೀಸೆ ಬರದವರ ಮಾತು ಯಾರು ನಂಬ್ತಾರೆ ಆಂಟಿ?" ಎಂದು ವರದಿಗಾರ್ತಿ ನಕ್ಕಿದ್ದಳು. ಅವಳ ದನಿಯಿಂದಾಗಿ ಎಲ್ಲರೂ ಅವಳನ್ನು ಗುಡುಗು ಎನ್ನುತ್ತಿದ್ದರು. ರಾತ್ರಿ ಪಾಳಿಯ ಹುಡುಗ ಗೂಬೆ. ನನ್ನ ಮಗಳು ಸಂಪಾದಕಿ.

ದೊಡ್ಡ ಪತ್ರಿಕೆಗಳಂತೆ ಇವರೂ ವಯಸ್ಸಾದ ನಾಯಕರ ಶ್ರದ್ಧಾಂಜಲಿಗಳನ್ನು ಮೊದಲೇ ಬರೆದಿಟ್ಟುಕೊಳ್ಳುತ್ತಿದ್ದರು. ಸತ್ತ ಊರು, ಹೊತ್ತು, ಎರಡಕ್ಕೂ ಚುಕ್ಕಿಗಳನ್ನಿಟ್ಟು ಬಿಡುತ್ತಿದ್ದರು. ಸುದ್ದಿ ಬಂದಾಗ ತುಂಬಿದರೆ ಆಯಿತು. ಆ ಬೆಳಿಗ್ಗೆ ಅಂಥದ್ದೊಂದು ಚುಕ್ಕಿಗಳ ಸಮೇತ ಹೊರಗೆ ಬಿದ್ದಿತ್ತು. ನಾಯಕರು ಆಗ ತಮ್ಮ ಮನೆಯಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದರಂತೆ.

ಮಗಳು ಅದನ್ನು ತೆಗೆದುಹಾಕುವಷ್ಟರಲ್ಲಿ ಬೇರೆಯವರು ಎತ್ತಿಕೊಂಡಾಗಿತ್ತು. ಸ್ವಲ್ಪ ಹೊತ್ತಿಗೆಲ್ಲ ಗುಡುಗು ಬಾಗಿಲು ಬಡಿಯುತ್ತ ಬಂದಳು. ಅವಳ ಹಿಂದೆಯೇ ಮೇಷ್ಟ್ರು, ಅಂದರೆ ಕಾಲೇಜಿನ ಪರವಾಗಿ ಪತ್ರಿಕೆಗೆ ಹೊಣೆಯಾಗಿದ್ದ ಪ್ರಾಧ್ಯಾಪಕರು. ಸಿಟ್ಟಿಗಿಂತ ಹೆದರಿಕೆಯೇ ಅವರ ಮುಖದಲ್ಲಿ ಹೆಚ್ಚಿತ್ತು.

"ಬಿಡುಗಡೆ ಆಗಿರೋದು ಗೂಬೆಯ ಖಾತೆಯಿಂದ," ಎಂದರು. "ಪ್ರಿನ್ಸಿಪಾಲರು ಸಂಜೆಯೊಳಗೆ ಹೆಸರು ಕೇಳಿದ್ದಾರೆ. ಕೊಟ್ಟರೆ ಇವನ ಉಚಿತ ಸೀಟು ಹೋಗುತ್ತೆ. ಸೀಟು ಹೋದ್ರೆ ಹಾಸ್ಟೆಲ್ಲೂ ಇಲ್ಲ."

ಮಹಡಿಯಿಂದ ಇಳಿದು ಬಂದು ನಿಂತಿದ್ದ ಗೂಬೆ ತಲೆ ಎತ್ತಲಿಲ್ಲ. ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ರಜೆಯಲ್ಲೂ ಊರಿಗೆ ಹೋಗದೆ ನಮ್ಮ ಮಹಡಿಯಲ್ಲೇ ಇರುತ್ತಿದ್ದ. "ನಾನೇ ಒತ್ತಿರ್ಬೇಕು," ಎಂದ. "ಬೆಳಗಿನ ಜಾವ ಕಣ್ಣು ಎಳೀತಿತ್ತು. ನೆನಪಿಲ್ಲ. ಆದ್ರೆ ನಾನಲ್ದೆ ಇನ್ಯಾರು?"

ನಾನು ಅತ್ತಿಗೆಯ ಕಡೆ ನೋಡಿದೆ. ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ವಿಮಾ ಕಂಪನಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸುಟ್ಟ ಅಂಗಡಿ, ಗೋದಾಮುಗಳ ಬೂದಿ ಕೆದಕಿ, ಬೆಂಕಿ ಬಿದ್ದದ್ದೋ ಇಟ್ಟದ್ದೋ ಎಂದು ಹೇಳುವುದು ಅವರ ಉದ್ಯೋಗವಾಗಿತ್ತು. ಈಗಲೂ ಬೀದಿಯಲ್ಲಿ ಏನೇ ಕಳೆದುಹೋದರೂ ಜನ ಪೊಲೀಸರಿಗಿಂತ ಮೊದಲು ನಮ್ಮ ಬಾಗಿಲಿಗೆ ಬರುತ್ತಿದ್ದರು. ಅವರ ಕನ್ನಡಕದ ಡಬ್ಬಿ ಹಿಡಿದು ಹಿಂದೆ ಹೋಗುವುದು ನನ್ನ ಕೆಲಸ.

"ಮೇಷ್ಟ್ರೇ, ಸಂಜೆವರೆಗೂ ಟೈಮಿದೆಯಲ್ಲ," ಎಂದರು ಅತ್ತಿಗೆ. "ಆಗ ಬನ್ನಿ. ಅಲ್ಲೀವರೆಗೂ ಈ ಹುಡುಗನ ಹೆಸರು ನಿಮ್ಮ ನಾಲಿಗೆ ಮೇಲೂ ಬರಬಾರದು."

ಮೇಲೆ ಹೋಗಿ ಅತ್ತಿಗೆ ಮೊದಲು ಕುರ್ಚಿಯ ಮೇಲೆ ಕೂತು, ಏನನ್ನೂ ಮುಟ್ಟದೆ, ಕೋಣೆಯನ್ನು ನೋಡಿದರು. ಎರಡು ಮೇಜು, ಒಂದು ಕಂಪ್ಯೂಟರು, ಗೋಡೆಗೊರಗಿದ ಹಾಸಿಗೆ, ತಳದಲ್ಲಿ ಟೀ ಒಣಗಿದ ಲೋಟಗಳು.

"ಸುದ್ದಿ ಬಿಡೋದು ಹೇಗೆ, ಹೇಳು."

ಗುಡುಗು ವಿವರಿಸಿದಳು. ತಿದ್ದಿದವರು ಬಿಡುವಂತಿಲ್ಲ, ಬಿಡುವವರು ತಿದ್ದುವಂತಿಲ್ಲ. ಸಂಪಾದಕಿಯ ಖಾತೆಯಿಂದ ತಿದ್ದಬಹುದು ಅಷ್ಟೆ. ಬಿಡುಗಡೆ ಮಾಡುವುದು ಡೆಸ್ಕಿನ ಖಾತೆಯಿಂದ, ಅದೂ ಈ ಕೋಣೆಯ ಕಂಪ್ಯೂಟರಿನಿಂದ ಮಾತ್ರ. ರಾತ್ರಿ ಅದು ಗೂಬೆಯ ವಶ.

"ಖಾತೆ ತೆರೆದಿಟ್ಟೇ ಮಲಗ್ತೀಯಾ?" ಎಂದು ಗೂಬೆಯನ್ನು ಕೇಳಿದರು.

"ಹೂಂ ದೊಡ್ಡಮ್ಮ. ಏನಾದ್ರೂ ಆದ್ರೆ ತಕ್ಷಣ ಬೇಕಲ್ಲ. ಡೆಸ್ಕ್ ಫೋನು ದಿಂಬಿನ ಪಕ್ಕಾನೇ ಇಟ್ಕೋತೀನಿ. ಎಷ್ಟೇ ನಿದ್ದೆ ಇದ್ರೂ ಅದು ಬಡ್ಕೊಂಡ್ರೆ ಎದ್ದೇಬಿಡ್ತೀನಿ. ಇವತ್ತು ಅದೂ ಕೇಳಿಸ್ಲಿಲ್ಲ ನೋಡಿ, ಅಷ್ಟು ಸತ್ತಂಗೆ ಮಲಗಿದ್ದೆ."

ಅತ್ತಿಗೆ ಆ ಶ್ರದ್ಧಾಂಜಲಿಯನ್ನು ತೆರೆಸಿ ಓದಿದರು. "ಬರೆದಿದ್ದು ಯಾರು?"

"ನಾನೇ, ಹೋದ ವರ್ಷ," ಎಂದಳು ಗುಡುಗು. "ಚೆನ್ನಾಗಿದೆ ಅಲ್ವಾ? ಪಾಪ, ಇಂಥ ಒಳ್ಳೇ ಬರಹ ಹಿಂಗೆ ಹಾಳಾಯ್ತು."

"ವಯಸ್ಸು ಎಂಬತ್ತೇಳು ಅಂತಿದೆ."

"ಎಂಬತ್ತಾರು ಅಂತ ಬರೆದಿದ್ದೆ..." ಗುಡುಗು ಬಗ್ಗಿ ನೋಡಿದಳು. "ಓ, ಮೊನ್ನೆ ಅವರ ಹುಟ್ಟಿದ ದಿನ. ಯಾರೋ ತಿದ್ದಿದಾರೆ."

"ರಾತ್ರಿ ನಾನು ನೋಡಿದಾಗ ಎಂಬತ್ತಾರೇ ಇತ್ತು," ಎಂದ ಗೂಬೆ. "ಬೇರೆ ಸುದ್ದಿಗೆ ಅವರ ಓದು ಎಲ್ಲಾಯ್ತು ಅಂತ ಬೇಕಾಗಿತ್ತು, ಅದಕ್ಕೆ ತೆಗೆದಿದ್ದೆ."

ಗುಡುಗಿಗೂ ನನ್ನ ಮಗಳಿಗೂ ಹಿಂದಿನ ವಾರ ಯಾವುದೋ ವರದಿಯ ವಿಷಯಕ್ಕೆ ಜೋರು ಜಗಳವಾಗಿತ್ತು. ನನ್ನ ಅನುಮಾನ ಸಹಜವಾಗಿ ಆ ಕಡೆ ಹೊರಳಿತು. ಮೆಟ್ಟಿಲಿಳಿಯುವಾಗ ಅತ್ತಿಗೆಯ ಕಿವಿಯಲ್ಲಿ ಹೇಳಿದೆ.

"ಬೆಳಿಗ್ಗೆ ಹಾಲಿಗೆ ಅಂತ ಚಿಲಕ ತೆಗೆದವಳು ಯಾರು?" ಎಂದರು.

"ನಾನು."

"ರಾತ್ರಿ ಹಾಕಿದವಳು?"

"ನಾನೇ."

"ಮತ್ತೆ ಅವಳು ಹೊಗೆಗೂಡಿನಿಂದ ಇಳಿದು ಬಂದ್ಲಾ? ಮೆಟ್ಟಿಲು ಮನೆ ಒಳಗಿದೆ ಕಣೆ."

ಹಾಗಾದರೆ ಮನೆಯಲ್ಲಿದ್ದವರು ನಾವು ನಾಲ್ವರೇ. ನಾನು ಮುಂದೆ ಯೋಚಿಸಲು ಹೋಗಲಿಲ್ಲ. ಹೊದಿಕೆ ಇನ್ನೂ ಹಿತ್ತಲಿನ ಕಲ್ಲಿನ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಹೋಗಿ ಹರವಿದೆ.

ಮಧ್ಯಾಹ್ನ ಟೀವಿಯಲ್ಲಿ ನಾಯಕರ ವಕ್ತಾರರು ಮಾತಾಡಿದರು. ವಕ್ತಾರರು ಎಂದರೆ ನನ್ನ ಗಂಡ. ಮಗಳು ಎರಡನೇ ತರಗತಿಯಲ್ಲಿದ್ದಾಗ ಆ ನಾಯಕರ ಜೊತೆ ರಾಜಧಾನಿಗೆ ಹೋದವರು. ಮೊದಲು ವಾರಕ್ಕೊಂದು ಕರೆ, ಆಮೇಲೆ ಅಪರೂಪಕ್ಕೊಂದು, ಆಮೇಲೆ ಅದೂ ಇಲ್ಲ. ಜಗಳವಾಡಿ ಹೋಗಿದ್ದರೆ ರಾಜಿಗಾದರೂ ದಾರಿ ಇರುತ್ತಿತ್ತು. ಅವರು ಸುಮ್ಮನೆ ಬರುವುದನ್ನು ಮರೆತರು. ಅತ್ತಿಗೆ ತಮ್ಮನ ಮೇಲೆ ಮುನಿದು, ಪೆಟ್ಟಿಗೆ ಹಿಡಿದುಕೊಂಡು ನಮ್ಮ ಮನೆಗೆ ಬಂದವರು ಇಲ್ಲೇ ಉಳಿದರು. ಮನೆಯಲ್ಲಿ ನನ್ನ ಗಂಡನ ಮಾತು ಯಾರೂ ಎತ್ತುತ್ತಿರಲಿಲ್ಲ. ಎತ್ತಬಾರದೆಂದು ಯಾರೂ ಹೇಳಿರಲೂ ಇಲ್ಲ.

"ನಾಯಕರು ಆರೋಗ್ಯವಾಗಿದ್ದಾರೆ," ಎನ್ನುತ್ತಿದ್ದರು ಟೀವಿಯಲ್ಲಿ. "ಬೆಳಿಗ್ಗೆ ನಾನೇ ಖುದ್ದಾಗಿ ಆ ಪತ್ರಿಕೆಯ ಸಂಪಾದಕರಿಗೆ ಫೋನ್ ಮಾಡಿ ತಿಳಿಸಿದ್ದೇನೆ."

"ತೂಕ ಇಳಿದಿದಾನೆ," ಎಂದರು ಅತ್ತಿಗೆ.

ನಾನು ತಿರುಗಿದಾಗ ಮಗಳು ಬಾಗಿಲಲ್ಲಿ ನಿಂತಿದ್ದಳು. ನನ್ನ ಕಣ್ಣು ಬಿದ್ದದ್ದೇ ಹೊರಟುಹೋದಳು.

ಆಮೇಲೆ ನಾನು ಹುರುಳಿಕಾಯಿ ಹೆಚ್ಚುತ್ತಿದ್ದಾಗ ಅತ್ತಿಗೆ ಬಂದು ಪಕ್ಕದಲ್ಲಿ ಕೂತರು. ತಾವೂ ನಾಲ್ಕು ಕಾಯಿ ಎತ್ತಿಕೊಂಡು ನಾರು ತೆಗೆಯತೊಡಗಿದರು.

"ನಿನ್ನೆ ರಾತ್ರಿ ಕಿಟಕಿಕಟ್ಟೆ ಒರೆಸಿದ್ಯಾ?"

"ದಿನಾ ಒರೆಸ್ತೀನಲ್ಲ."

"ಏನಿತ್ತು ಅಲ್ಲಿ?"

"ಹಾಲಿನ ಪಾತ್ರೆ ಕವುಚಿ ಹಾಕಿದ್ದೆ. ಅಷ್ಟೇ." ನನ್ನ ಕೈಯ ಚಾಕು ನಿಂತಿತು.

ಅತ್ತಿಗೆ ಅವಸರ ಮಾಡಲಿಲ್ಲ. ಇನ್ನೊಂದು ಕಾಯಿಯ ನಾರು ತೆಗೆದರು. "ಸಂಜೆ ಎಲ್ಲರ ಮುಂದೆ ಹೇಳ್ಲಾ? ನೀನು ಬೇಡ ಅಂದ್ರೆ ನನಗೇನೂ ಗೊತ್ತಾಗ್ಲಿಲ್ಲ ಅಂತೀನಿ. ಮೂವತ್ತು ವರ್ಷದಲ್ಲಿ ಹಾಗೆ ಒಂದು ಸಲಾನೂ ಅಂದಿಲ್ಲ, ನಿನಗೋಸ್ಕರ ಅಂತೀನಿ."

"ಆ ಹುಡುಗ ಎಲ್ಲಿಗೆ ಹೋಗ್ತಾನೆ ಅತ್ತಿಗೆ?"

"ನಾನು ಕೇಳಿದ್ದು ಅದಲ್ಲ."

"ಹೇಳಿ," ಎಂದೆ. ಕಾಯಿ ಹೆಚ್ಚುವುದನ್ನು ಮುಂದುವರಿಸಿದೆ. ಎಲ್ಲ ತುಂಡುಗಳೂ ದಪ್ಪ ದಪ್ಪ ಬಿದ್ದವು.

ಸಂಜೆ ಎಲ್ಲರೂ ಮಹಡಿಯಲ್ಲಿ ಸೇರಿದೆವು. ಮೇಷ್ಟ್ರು ಒಂದೇ ಒಂದು ಒಳ್ಳೆಯ ಕುರ್ಚಿಯಲ್ಲಿ, ಗುಡುಗು ಮೇಜಿನ ಮೇಲೆ, ಗೂಬೆ ಮಡಿಸಿಟ್ಟ ಹಾಸಿಗೆಯ ಅಂಚಿನಲ್ಲಿ. ಅವನು ಆಗಲೇ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡಿದ್ದ. ಮಗಳು ಕಿಟಕಿಯ ಹತ್ತಿರ ನಿಂತಿದ್ದಳು.

"ಮೊದಲನೇದು," ಎಂದರು ಅತ್ತಿಗೆ, "ಇದು ನಿದ್ದೆಗಣ್ಣಿನ ಕೆಲಸ ಅಲ್ಲ. ನಿದ್ದೆಗಣ್ಣಲ್ಲಿ ಬೆರಳು ಜಾರಬಹುದು, ಆದರೆ ಎಂಬತ್ತಾರನ್ನ ಎಂಬತ್ತೇಳು ಮಾಡೋಕಾಗಲ್ಲ. ರಾತ್ರಿ ಹಳೇ ವಯಸ್ಸಿತ್ತು, ಬೆಳಿಗ್ಗೆ ಹೊಸದಿತ್ತು. ಸಾವು ಸುಳ್ಳು ಅಂತ ಗೊತ್ತಿದ್ದೂ ವಯಸ್ಸು ತಪ್ಪಾಗಬಾರದು ಅಂತ ತಿದ್ದಿದಾರೆ. ಕೆಡುಕು ಮಾಡೋರು ಹಾಗೆ ತಿದ್ದಲ್ಲ. ತಪ್ಪು ಕಂಡ್ರೆ ಕೈ ಸುಮ್ಮನಿರದೋರು ತಿದ್ತಾರೆ."

ಗುಡುಗು ನನ್ನ ಮಗಳ ಕಡೆ ತಿರುಗಿ ನೋಡಿದಳು.

"ಎರಡನೇದು, ಹೊರಗಿನಿಂದ ಯಾರೂ ಬಂದಿಲ್ಲ. ಸುದ್ದಿ ಹೊರಗೆ ಬಿದ್ದಾಗ ಚಿಲಕ ಇನ್ನೂ ಹಾಕೇ ಇತ್ತು. ಇನ್ನು ಮೂರನೇದು. ನಮ್ಮ ಕಸುಬಿನಲ್ಲಿ ಒಂದು ಮಾತಿತ್ತು. ಬೆಂಕಿ ಹಚ್ಚೋನು ಹಚ್ಚೋಕೆ ಮುಂಚೆ ತನಗೆ ಬೇಕಾದ್ದನ್ನ ಹೊರಗೆ ತೆಗೆದಿಡ್ತಾನೆ. ಅದಕ್ಕೆ ಸುಟ್ಟಿದ್ದನ್ನಲ್ಲ, ಜಾಗ ಬದಲಿಸಿದ್ದನ್ನ ಹುಡುಕಬೇಕು. ಈ ಕೋಣೆಯಿಂದ ಒಂದೇ ಒಂದು ವಸ್ತು ಜಾಗ ಬದಲಿಸಿತ್ತು. ಡೆಸ್ಕ್ ಫೋನು. ಗೂಬೆಗೆ ಅದು ಕೇಳಿಸಲಿಲ್ಲ, ಯಾಕಂದ್ರೆ ಅದು ಅವನ ದಿಂಬಿನ ಪಕ್ಕ ಇರಲೇ ಇಲ್ಲ. ಅಡುಗೆಮನೆ ಕಿಟಕಿ ಮೇಲೆ ಬಡ್ಕೋತಿತ್ತು. ಯಾರೋ ಕೆಳಗೆ ತಂದು, ಸ್ನಾನ ಮಾಡಿ, ತಲೆ ಬಾಚಿ, ಕರೆ ಬರೋದನ್ನೇ ಕಾಯ್ತಿದ್ರು."

"ಕರೆಗೋಸ್ಕರ ಇಷ್ಟೆಲ್ಲಾನಾ?" ಎಂದರು ಮೇಷ್ಟ್ರು. "ಯಾರ ಕರೆ?"

"ಸಣ್ಣಪುಟ್ಟ ತಪ್ಪಿಗೆ ಅಲ್ಲಿನ ಗುಮಾಸ್ತರು ಫೋನ್ ಮಾಡ್ತಾರೆ. ನಾಯಕರನ್ನೇ ಸಾಯಿಸಿದ್ರೆ ಮಾತ್ರ ವಕ್ತಾರರೇ ಮಾಡಬೇಕು. ಬೆಳಿಗ್ಗೆ ನಮ್ಮ ಸಂಪಾದಕಿ, 'ಕಚೇರಿಯವರು ಯಾರೋ' ಅಂದ್ಲು. ವಕ್ತಾರರು ಟೀವಿಯಲ್ಲಿ, 'ನಾನೇ ಮಾಡಿದೆ' ಅಂದ್ರು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಿದಾರೆ. ನನ್ನ ತಮ್ಮನ್ನ ನಾನು ಹೊಗಳಲ್ಲ, ಆದರೆ ಈ ಸಲ ಅವನು ನಿಜಾನೇ ಹೇಳಿದ." ಅತ್ತಿಗೆ ಅಲ್ಲಿಗೆ ನಿಲ್ಲಿಸಿದರು. "ಉಳಿದದ್ದು ನಾನು ಹೇಳೋದಲ್ಲ."

ಮಗಳು ಕಿಟಕಿ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ನಾನೇ," ಎಂದಳು ಮಗಳು. "ನನ್ನ ಹೆಸರು ಬರ್ಕೊಳ್ಳಿ ಸರ್. ಐದೇ ನಿಮಿಷ ಇಟ್ಟು ತೆಗೆದುಬಿಡ್ತೀನಿ ಅಂದ್ಕೊಂಡಿದ್ದೆ. ಅವರ ಕಚೇರಿಗೆ ಎಷ್ಟೋ ಸಲ ಫೋನ್ ಮಾಡಿದ್ದೆ. ಮಗಳು ಅಂತಾನೂ ಹೇಳಿದ್ದೆ. 'ತಿಳಿಸ್ತೀವಮ್ಮ' ಅಂತಿದ್ರು, ಅಷ್ಟೇ." ಅವಳು ಗೂಬೆಯ ಕಡೆ ತಿರುಗಿದಳು. "ನೀನು 'ನಾನೇ ಒತ್ತಿರ್ಬೇಕು' ಅಂದಾಗ್ಲೇ ಹೇಳಬೇಕಿತ್ತು ಕಣೋ. ಹೇಳಿದ್ರೆ ಯಾಕೆ ಅಂತಾನೂ ಹೇಳಬೇಕಾಗ್ತಿತ್ತು. ಅಮ್ಮನ ಮುಂದೆ ಅದು ಆಗ್ಲಿಲ್ಲ. ಅವಳೊಬ್ಬಳೇ ಸಾಕಾಗ್ಲಿಲ್ಲ ನಂಗೆ ಅಂತ ಅಂದ್ಕೋತಾಳೆ ಅನ್ನಿಸ್ತು."

ಎದ್ದು ಹೋಗಿ ಅಪ್ಪಿಕೊಳ್ಳಬೇಕೆನಿಸಿತು. ಆದರೆ ಅವಳು ಆಗ ಯಾರ ಆಸರೆಯೂ ಇಲ್ಲದೆ ನಿಲ್ಲಬೇಕಾಗಿತ್ತು. ಕೂತೇ ಇದ್ದೆ.

"ಒಂದು ಮಾತು ಕೇಳಿದ್ರೆ ನಾನೇ ಒತ್ತಿಕೊಡ್ತಿದ್ನಲ್ಲ," ಎಂದ ಗೂಬೆ.

"ಸುಮ್ನಿರೋ ಗೂಬೆ, ಮೇಷ್ಟ್ರು ಇದಾರೆ," ಎಂದು ಗುಡುಗು ಮೊದಲ ಬಾರಿಗೆ ಪಿಸುಗುಟ್ಟಿದಳು. ಮೇಜಿನಿಂದಿಳಿದು ಅವನ ಚೀಲವನ್ನು ಕಸಿದುಕೊಂಡು ಹಾಸಿಗೆಯ ಹಿಂದಕ್ಕೆ ತಳ್ಳಿದಳು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇವನ ಸೀಟಿಗೆ ತೊಂದರೆ ಇಲ್ಲ. ಪತ್ರಿಕೆ ಉಳಿಯುತ್ತೋ ಇಲ್ಲವೋ ಗೊತ್ತಿಲ್ಲ, ನಾನು ಮಾತಾಡ್ತೀನಿ. ಆದರೆ ನಾಳೆಯಿಂದ ನೀನು ಸಂಪಾದಕಿ ಅಲ್ಲಮ್ಮ. ಸಂಪಾದಕಿಯಾಗಿ ನಿನಗೆ ಇನ್ನೊಂದೇ ಕೆಲಸ ಉಳಿದಿದೆ. ಅವರಿಗೆ ಫೋನ್ ಮಾಡಿ ಕ್ಷಮೆ ಕೇಳು. ಈಗ, ನಮ್ಮೆಲ್ಲರ ಮುಂದೆ."

ಮಗಳು ಬೆಳಿಗ್ಗೆ ಕರೆ ಬಂದಿದ್ದ ಸಂಖ್ಯೆಯನ್ನೇ ಒತ್ತಿದಳು. ಎಲ್ಲರಿಗೂ ಕೇಳಿಸಲೆಂದು ಫೋನನ್ನು ಮೇಜಿನ ಮೇಲಿಟ್ಟಳು. ಎರಡು ಸದ್ದಿಗೇ ಆ ಕಡೆಯಿಂದ ದನಿ ಬಂತು. ಟೀವಿಯಲ್ಲಿ ಕೇಳಿದ್ದಕ್ಕಿಂತ ದಣಿದ ದನಿ.

ಅವಳು ನೇರ ನಿಂತು ಹೇಳಿದಳು. ತಪ್ಪು ಪತ್ರಿಕೆಯದಲ್ಲ, ನನ್ನೊಬ್ಬಳದು. ಬೇಕೆಂದೇ ಮಾಡಿದ್ದು. ನಾಯಕರಿಗೂ ನಿಮಗೂ ಆದ ನೋವಿಗೆ ಕ್ಷಮೆ ಕೇಳುತ್ತೇನೆ. ಒಂದು ಪದವೂ ತಡವರಿಸಲಿಲ್ಲ.

"ಸರಿ ಮೇಡಂ," ಎಂದಿತು ಆ ದನಿ. ಕಾಗದ ಮಗುಚಿದ ಸದ್ದು ಕೇಳಿಸಿತು. "ನಿಮ್ಮ ಪತ್ರಿಕೆಯಲ್ಲಿ ಯಾರ ಹೆಸರೂ ಇಲ್ಲವಲ್ಲ. ನಿಮ್ಮ ಹೆಸರು ಹೇಳಿ, ಬರ್ಕೋತೀನಿ."

ಮಗಳು ನನ್ನ ಕಡೆ ನೋಡಿದಳು. ನಾನು ಹೇಳು ಎಂಬಂತೆ ತಲೆಯಾಡಿಸಿದೆ. ಅವಳು ಎರಡೂ ಕೈ ಮೇಜಿಗೆ ಊರಿ, ಫೋನಿನ ಹತ್ತಿರಕ್ಕೆ ಬಾಗಿದಳು.

"ಅಪ್ಪಾ," ಎಂದಳು, "ಬೆಳಿಗ್ಗೆ ಅಷ್ಟು ಹೊತ್ತು ಮಾತಾಡಿದ್ರಲ್ಲ, ನನ್ನ ದನಿ ಗುರುತೇ ಸಿಗ್ಲಿಲ್ವಾ ನಿಮಗೆ?"