ಶಿಳ್ಳೆ ಹಾಕದ ಬಾಯ್ಲರ್

ಮಧ್ಯಾಹ್ನ ಮೂರೂ ಕಾಲು. ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ಲಾಂಡ್ರಿಯ ಬಾಯ್ಲರ್ ಬೆಳಗಿನಿಂದ ಒಮ್ಮೆಯೂ ಶಿಳ್ಳೆ ಹಾಕಿರಲಿಲ್ಲ.

ಅದನ್ನು ಗಮನಿಸಿದವಳು ಇಸ್ತ್ರಿ ವಿಭಾಗದ ಹುಡುಗಿಯೊಬ್ಬಳೇ. ಒತ್ತಡ ಮಿತಿ ಮೀರಿದಾಗ ಸೇಫ್ಟಿ ವಾಲ್ವ್ ತೆರೆದು ಹಬೆ ಶಿಳ್ಳೆ ಹಾಕುತ್ತದೆ. ಪ್ರತಿ ಶಿಳ್ಳೆಗೂ ಅವಳು ಕೈ ನಿಲ್ಲಿಸದೆ ದೇವರಿಗೆ ಹೇಳಿಕೊಳ್ಳುತ್ತಿದ್ದಳು: ಈ ಹಾಸುಬಟ್ಟೆ ಮೇಲೆ ಮಲಗುವವರಿಗೆ ಬೇಗ ಗುಣವಾಗಲಿ. ಪ್ರಾರ್ಥನೆಗೆಂದು ಅವಳಿಗೆ ಬೇರೆ ಹೊತ್ತು ಸಿಗುತ್ತಿರಲಿಲ್ಲ.

"ಏನೇ ಜಪದಮ್ಮ, ಇವತ್ತು ದೇವರಿಗೂ ರಜೆನಾ? ತುಟಿನೇ ಅಲ್ಲಾಡ್ತಿಲ್ಲ," ಪಕ್ಕದ ಮೇಜಿನ ಅಕ್ಕ ಕೆಣಕಿದಳು.

ಅವಳು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಕೆಳಗಿಳಿದಳು.

ಬಾಯ್ಲರ್ ಕೋಣೆಯಲ್ಲಿ ಆಪರೇಟರ್ ಒಬ್ಬನೇ ಇದ್ದ. ಮುಂದಿನ ತಿಂಗಳು ಅವಳನ್ನು ಮದುವೆಯಾಗಲಿದ್ದವನು. ಅವಳನ್ನು ಕಂಡೊಡನೆ ಮಸಿ ಹತ್ತಿದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿ, ಓರೆಗಣ್ಣಿನಲ್ಲಿ ನೋಡಿ ನಕ್ಕ. ಆ ನಗೆಗೆ ದಿನವೂ ಅವಳ ಕಿವಿ ಬಿಸಿಯಾಗುತ್ತಿತ್ತು. ಇಂದು ಅವಳ ನೋಟ ಅವನ ಭುಜ ದಾಟಿ ವಾಲ್ವಿನ ಮೇಲೆ ನಿಂತಿತು. ಅದರ ಹಿಡಿಯನ್ನು ತಂತಿ ಸುತ್ತಿ ಬಿಗಿಯಲಾಗಿತ್ತು.

"ಇದನ್ನ ಕಟ್ಟಿದ್ದು ಯಾರು?"

"ನಾನೇ. ಸುಮ್ಸುಮ್ನೆ ಹಬೆ ಬಿಟ್ಟುಬಿಡುತ್ತೆ, ಕೆಲಸ ಸಾಗಲ್ಲ. ಇವತ್ತಿನ ಲೋಡ್ ಮುಗಿದ್ರೆ ಮಾತ್ರ ಮದುವೆಗೆ ರಜೆ ಅಂದಿದ್ದಾರೆ ಮಾಲೀಕರು. ಸಂಜೆ ತನಕ ಅಷ್ಟೇ ಕಣೇ. ನೀನು ಸ್ವಲ್ಪ ಜೋರಾಗಿ ಜಪ ಮಾಡು."

"ಉರಿ ಆರಿಸಿ."

"ಆರಿಸಿದ್ರೆ ಕೆಲಸ ಹೋಗುತ್ತೆ. ಕೆಲಸ ಇಲ್ದೋನಿಗೆ ನಿಮ್ಮಪ್ಪ ಮಗಳನ್ನ ಕೊಡ್ತಾರಾ?"

ಕೊಡುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಅಷ್ಟರಲ್ಲಿ ಒತ್ತಡಮಾಪಕದ ಮುಳ್ಳು ಕೆಂಪು ಗೆರೆ ದಾಟಿತು. ಒಳಗೆಲ್ಲೋ ಕಬ್ಬಿಣ ಸಣ್ಣಗೆ ನರಳಿತು. ಅವನ ಮುಖದ ನಗು ಆರಿಹೋಯಿತು.

"ನೀನು ಹೊರಗೆ ಹೋಗು."

"ಯಾಕೆ?"

ಅವನು ಅವಳ ಭುಜ ಹಿಡಿದು ಬಾಗಿಲ ಕಡೆ ತಿರುಗಿಸಿದ. ಅವಳು ಮತ್ತೆ ಇತ್ತ ತಿರುಗಿದಳು.

"ನಾನಿಲ್ಲಿ ಇರಬಾರದು ಅಂದ್ರೆ, ಮೇಲಿರೋರೂ ಇರಬಾರದು. ಸ್ವಿಚ್ ನಿಮ್ಮ ಕೈಲಿದೆ. ಇದನ್ನ ದೇವರ ತಲೆಗೆ ಕಟ್ಟೋಕೆ ನನ್ನಿಂದಾಗಲ್ಲ. ನೀವು ಆರಿಸದಿದ್ರೆ ನಾನೇ ಆರಿಸ್ತೀನಿ."

ಅವಳು ಸ್ವಿಚ್ಚಿನ ಕಡೆ ಒಂದು ಹೆಜ್ಜೆ ಇಟ್ಟಳು.

"ಆಮೇಲೆ ನಿಮ್ಮಪ್ಪ?"

"ಇದ್ದದ್ದನ್ನ ಇದ್ದ ಹಾಗೆ ನಾನೇ ಹೇಳ್ತೀನಿ. ಮದುವೆ ಅಂತ ಆದ್ರೆ ಇವರನ್ನೇ, ಅಂತಾನೂ ಹೇಳ್ತೀನಿ."

ಇಷ್ಟು ನೇರವಾಗಿ ಅವಳು ಹೇಳಿದ್ದು ಇದೇ ಮೊದಲು. ಅವನು ಅವಳನ್ನು ಒಂದು ಕ್ಷಣ ನೋಡಿದ. ಉರಿ ಆರಿಸಿದ. ಹಬೆ ಒಮ್ಮೆಲೇ ಸಿಡಿದೀತೆಂದು ತಂತಿಗೆ ಕೈ ಹಾಕುವ ಧೈರ್ಯ ಅವನಿಗಾಗಲಿಲ್ಲ. ಮಸಿಗೈಯಲ್ಲೇ ಅವಳ ಕೈ ಹಿಡಿದು ಮೆಟ್ಟಿಲ ಕಡೆ ಓಡಿದ.

ಅವರಿಬ್ಬರ ಕೂಗು ಕೇಳಿ ಮೇಲಿದ್ದವರೆಲ್ಲರೂ ಅಂಗಳಕ್ಕೆ ಬಂದರು. ಹಿಡಿದ ಕೈಯನ್ನು ಅಷ್ಟು ಜನರ ಮುಂದೆಯೂ ಅವಳು ಬಿಡಿಸಿಕೊಳ್ಳಲಿಲ್ಲ.

ಬಾಯ್ಲರ್ ತಣ್ಣಗಾಗುವಷ್ಟರಲ್ಲಿ ಸಂಜೆಯಾಯಿತು. ಲೋಡ್ ಮುಗಿಯಲಿಲ್ಲವೆಂದು ಮಾಲೀಕರು ಅವನನ್ನು ಕೆಲಸದಿಂದ ತೆಗೆದರು. ಇಬ್ಬರೂ ಅಲ್ಲಿಂದ ನೇರವಾಗಿ ಅವಳ ಮನೆಗೆ ನಡೆದರು. ಅಪ್ಪನಿಗೆ ಅವಳು ಎಲ್ಲವನ್ನೂ ಹೇಳಿದಳು. ಅವನಿಗೆ ಬೇರೆ ಕೆಲಸ ಸಿಗುವವರೆಗೆ ಅಪ್ಪ ಮದುವೆಯನ್ನು ಮುಂದಕ್ಕೆ ಹಾಕಿದರು.