ಕೂಡಿಟ್ಟ ಅಗಸೆಪುಡಿ

“ಒಂದು ಬಿಟ್ರೆ ಬೇರೆ ಯಾವುದನ್ನೂ ಮುಟ್ಟಿಲ್ಲ ಅಲ್ವಾ ನೀವು?”

ಧಾರಿಣಿ ತಿರುಗಿ ಕೇಳಿದಳು. ಚಹಾಪುಡಿಗೆಂದು ತೆರೆದ ಕಪಾಟಿನಲ್ಲಿ ಅವಳೇ ಕೊಟ್ಟಿದ್ದ ಐದು ಡಬ್ಬಿಗಳು ಸಾಲಾಗಿ ನಿಂತಿದ್ದವು. ನಾಲ್ಕರ ಮುಚ್ಚಳಕ್ಕೆ ಸುತ್ತಿದ್ದ ಟೇಪು ಹಾಗೇ ಇತ್ತು.

ಅಡುಗೆಮನೆಯ ಬಾಗಿಲಲ್ಲಿ ಸುದರ್ಶನ್ ತಲೆ ತಗ್ಗಿಸಿದ.

ದೆಹಲಿ ಪಕ್ಕದ ಇಂದಿರಾಪುರಂನ ಆ ಅಪಾರ್ಟ್‌ಮೆಂಟ್ ಸೊಸೈಟಿಯ ಲಿಫ್ಟಿನಲ್ಲಿ ಕನ್ನಡ ಕೇಳಿ ಆದ ಪರಿಚಯ ಅದು. ಅವನ ಕೊಲೆಸ್ಟ್ರಾಲ್ ರಿಪೋರ್ಟ್ ನೋಡಿದ ಮೇಲೆ ಪ್ರತಿ ಭಾನುವಾರ ಅಗಸೆ ಬೀಜ ಹುರಿದು, ಪುಡಿ ಮಾಡಿ ತರುತ್ತಿದ್ದಳು. ಬೀಜ ಹಾಗೇ ನುಂಗಿದರೆ ಮೈಗೆ ಹತ್ತುವುದಿಲ್ಲ, ಪುಡಿ ಮಾಡಿದರೇ ಒಮೆಗಾ-೩ ಸಿಗುವುದು. ಚಪಾತಿ ಹಿಟ್ಟಿಗೆ ಎರಡು ಚಮಚ, ಮೊಸರಿಗೊಂದು, ಮೇಲೆ ಚೆನ್ನಾಗಿ ನೀರು... ಎಷ್ಟು ಸಲ ಹೇಳಿದ್ದಳು! ಅವನು ಹೂಂ ಅನ್ನುತ್ತಿದ್ದ.

ಎಲ್ಲಕ್ಕೂ ಹೂಂ. ತಿಂಗಳ ಹಿಂದೆ, ‘ನನಗೆ ಹುಬ್ಬಳ್ಳಿ ಆಫೀಸಿಗೆ ವರ್ಗವಾಗಿದೆ’ ಅಂದಾಗಲೂ ಹೂಂ! ನಾಳೆ ಅವಳು ಒಪ್ಪಿಗೆಯ ಪತ್ರ ಕೊಡಬೇಕು. ಇವನು ಒಂದೇ ಒಂದು ಮಾತು ಆಡಿದ್ದರೆ...

ಡಬ್ಬಿಯೊಂದರ ಟೇಪು ಕಿತ್ತಳು. ಹಳೇ ಪೇಂಟಿನಂಥ ಕಮಟು ವಾಸನೆ.

“ಕೆಟ್ಟಿದೆ. ಫ್ರಿಜ್‌ನಲ್ಲಿಡಿ ಅಂದಿರಲಿಲ್ವಾ? ಬೇಡ ಅಂದಿದ್ರೆ ಮಿಕ್ಸಿಗಾದ್ರೂ ರೆಸ್ಟ್ ಸಿಗ್ತಿತ್ತು.”

“ಬೇಡ ಅಂತಲ್ಲ... ದಿನಾ ಅರ್ಧ ಚಮಚ ತಿಂತಿದ್ದೆ. ಉಳಿದದ್ದು ಎತ್ತಿಟ್ಟೆ. ಅಮ್ಮನ ಚಟ್ನಿಪುಡಿ ಥರ ತಿಂಗಳುಗಟ್ಟಲೆ ಇರುತ್ತೆ ಅಂದ್ಕೊಂಡೆ.”

“ಯಾಕೆ ಎತ್ತಿಡಬೇಕು? ವಾರವಾರ ತರ್ತಿದ್ನಲ್ಲ.”

“ನೀವು ಹೋದ ಮೇಲೆ ಯಾರು ತರ್ತಾರೆ?”

ಧಾರಿಣಿಗೆ ಸಿಟ್ಟು ಇಳಿಯಲಿಲ್ಲ. ಆದರೆ ಅದನ್ನು ಯಾರ ಮೇಲೆ ಸುರಿಯಬೇಕೆಂದೇ ತಿಳಿಯಲಿಲ್ಲ.

“ಅಚ್ಛಾ... ಪುಡಿ ಕೂಡಿಡೋಕೆ ತಲೆ ಓಡ್ತು. ಹೋಗ್ಬೇಡ ಅನ್ನೋಕೆ ಬಾಯಿ ಬರಲಿಲ್ಲ.”

“ನೀವೇ ಎರಡು ವರ್ಷದಿಂದ ಕೇಳ್ತಿದ್ದ ಊರು. ತಡೆಯೋಕೆ ನಾನ್ಯಾರು?”

“ಅದನ್ನ ನೀವೇ ಹೇಳಬೇಕಿತ್ತು, ಸುದರ್ಶನ್.”

ಕೆಳಗೆ ಯಾರೋ ಗೇಟಿನ ವಾಚ್‌ಮನ್ ಭಯ್ಯಾನನ್ನು ಕೂಗುತ್ತಿದ್ದರು. ಅವನು ಹತ್ತಿರ ಬಂದು, ಅವಳ ಕೈಯಿಂದ ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟ.

“ಹೋಗಬೇಡಿ. ನನಗೆ ನೀವು ಬೇಕು. ಪುಡಿ ನಾನೇ ಮಾಡ್ಕೋತೀನಿ.”

ಅವಳ ಕಣ್ಣು ತುಂಬಿತು. ಮುಖ ಮಾತ್ರ ಇನ್ನೂ ಗಂಟಿಕ್ಕಿಕೊಂಡೇ ಇತ್ತು.

“ಸರಿ, ವರ್ಗಾವಣೆ ಬೇಡ ಅಂತ ಬರೆದುಕೊಡ್ತೀನಿ. ಕಾರಣ ಏನು ಬರೀಲಿ?”

“ವೈಯಕ್ತಿಕ ಅಂತ...”

“ಅಷ್ಟಕ್ಕೆ ನಮ್ಮ ಸೆಕ್ಷನ್‌ನಲ್ಲಿ ಯಾರೂ ಒಪ್ಪಲ್ಲ. ವಿವರ ಕೇಳ್ತಾರೆ.”

ಅವನು ಕೆಟ್ಟ ಪುಡಿಯ ಡಬ್ಬಿಗೆ ಮುಚ್ಚಳ ಹಾಕಿದ.

“ಮದುವೆ ಅಂತ ಬರೀರಿ.”